ಒಣಗದ ಉಗುರು

ನನ್ನ ತಂಗಿ ವೈಜಯಂತಿಯ ಎಡಗೈ ಹೆಬ್ಬೆರಳಿನ ಉಗುರು ಐದು ವರ್ಷ ಒಣಗಲಿಲ್ಲ. ಉಳಿದ ಒಂಬತ್ತೂ ಒಣಗುತ್ತಿದ್ದವು, ಅದೊಂದು ಮಾತ್ರ ಹಸಿಯಾಗಿಯೇ ಇರುತ್ತಿತ್ತು. ಉಗುರು ಬರೆಯುವುದರಲ್ಲಿ ಊರಿಗೆಲ್ಲ ಹೆಸರಾದ ಚಂದ್ರಮತಿ ನಾನು. ನನ್ನ ಸ್ವಂತ ತಂಗಿಯ ಉಗುರೇ ಒಣಗುವುದಿಲ್ಲ ಎಂದರೆ ನನಗೆ ಹೇಗಾಗಿರಬೇಡ! ಅವಳನ್ನು ಬೈದೆ, ಬಣ್ಣವನ್ನು ಬೈದೆ, ಆಯಾ ವರ್ಷದ ಹವೆಯನ್ನು ಬೈದೆ. ಬೈಸಿಕೊಳ್ಳಬೇಕಾದವಳು ನಾನೇ ಎಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿಹೋಗಿತ್ತು.

ನಮ್ಮ ಊರಿನಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಏಳು ದಿನಗಳನ್ನು ಉಗುರುವಾರ ಎನ್ನುತ್ತೇವೆ. ಆ ವಾರದಲ್ಲಿ ನೀವು ಯಾವುದಕ್ಕೆ ಹೆದರುತ್ತೀರೋ ಅದನ್ನು ಉಗುರಿನ ಮೇಲೆ ಬರೆಸಿಕೊಂಡರೆ ಆ ಹೆದರಿಕೆ ನಿಮ್ಮನ್ನು ಬಿಟ್ಟು ಉಗುರಿಗೆ ಹೋಗಿ ಕೂರುತ್ತದೆ. ಬಣ್ಣ ಇರುವಷ್ಟು ದಿನ, ಹೆಚ್ಚೆಂದರೆ ನಲವತ್ತು ದಿನ, ಅದು ಅಲ್ಲೇ ಇರುತ್ತದೆ. ಬರೆದದ್ದು ನಿಜವಾದ ಹೆದರಿಕೆಯಾದರೆ ಹತ್ತು ನಿಮಿಷಕ್ಕೆ ಒಣಗುತ್ತದೆ. ಬಾಯಿಗೆ ಬಂದದ್ದು ಹೇಳಿ ಬರೆಸಿಕೊಂಡರೆ ಸಂಜೆಯವರೆಗೆ ಫ್ಯಾನಿನ ಕೆಳಗೆ ಕೂತರೂ ಒಣಗುವುದಿಲ್ಲ, ಉಟ್ಟ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಮಕ್ಕಳಿಗೆ ಬರೆಯುವುದಿಲ್ಲ, ಅವರಿಗೆ ಬೆಳಗ್ಗೆ ಒಂದರ ಹೆದರಿಕೆ, ಮಧ್ಯಾಹ್ನ ಇನ್ನೊಂದರದು. ಹದಿನೆಂಟು ತುಂಬಿದ ಮೇಲೆ ಹತ್ತೂ ಬೆರಳಿಗೆ ಬರೆಸಿಕೊಳ್ಳಬಹುದು.

ಹೀಗಾಗಿ ನವೆಂಬರ್ ಬಂತೆಂದರೆ ಊರಿಗೆ ಎಲ್ಲಿಲ್ಲದ ಧೈರ್ಯ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ನಿಲ್ಲಲು ಜಾಗವಿರುವುದಿಲ್ಲ. ವರ್ಷವೆಲ್ಲ ಮುಂದೂಡಿದ ಆಪರೇಷನ್ನುಗಳು, ರಾಜೀನಾಮೆ ಪತ್ರಗಳು, ಅತ್ತೆಗೆ ಹೇಳಬೇಕಾಗಿದ್ದ ನಾಲ್ಕು ಮಾತುಗಳು, ಎಲ್ಲ ಆ ನಲವತ್ತು ದಿನಗಳಲ್ಲೇ ಮುಗಿಯಬೇಕು. ಪಾತ್ರೆ ತೊಳೆಯುವಾಗ ಹೆಂಗಸರು ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಳ್ಳುತ್ತಾರೆ. ಗಂಡಸರು ಉಗುರು ಕಚ್ಚುವುದನ್ನು ಬಿಡುತ್ತಾರೆ. ಅಂಗಡಿಗಳಲ್ಲಿ ಬಣ್ಣ ಅಳಿಸುವ ರಿಮೂವರ್ ಮಾರುವುದಿಲ್ಲ, ನನ್ನಂತೆ ಉಗುರು ಬರೆಯುವವರ ಮನೆಯಲ್ಲಿ ಮಾತ್ರ ಒಂದು ಬಾಟಲಿ ಇರುತ್ತದೆ. ಕಳ್ಳತನ ಮಾಡಿದವರನ್ನು ನಮ್ಮ ಊರು ಕ್ಷಮಿಸಿದ್ದಿದೆ. ಇನ್ನೊಬ್ಬರ ಉಗುರು ಅಳಿಸಿದವರ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿಯುವುದಿಲ್ಲ.

ನಮ್ಮಮ್ಮ ಸುಣ್ಣ, ಕುಂಕುಮ, ಕಾಡಿಗೆಯಲ್ಲಿ ಬರೆಯುತ್ತಿದ್ದಳು. ನನ್ನ ಕಾಲಕ್ಕೆ ನೇಲ್ ಪಾಲಿಶ್ ಬಂತು, ಅದರ ಹಿಂದೆಯೇ ಮೊಬೈಲೂ ಬಂತು. ಅದರಲ್ಲಿ ಒಂದು ದಿನ ಯಾವುದೋ ದೇಶದ ಹುಡುಗಿ ದೆವ್ವ ಭೂತಗಳ ವೇಷ ಹಾಕುವ ಹ್ಯಾಲೋವೀನ್ ಎಂಬ ತಮ್ಮ ಹಬ್ಬಕ್ಕೆ ಮನೆಯಲ್ಲೇ ಕೂತು ಉಗುರು ಬರೆದುಕೊಳ್ಳುವುದನ್ನು ಕಂಡೆ. ಕಿತ್ತಳೆ ಬಣ್ಣ ಬಳಿದು, ಕಪ್ಪಿನಲ್ಲಿ ಮೂರು ಮೂಲೆಯ ಕಣ್ಣು, ಮುರುಕು ಹಲ್ಲು ಇಟ್ಟು ಕುಂಬಳಕಾಯಿ ಮಾಡಿದಳು. ಬಿಳಿ ಬಣ್ಣ ಹಸಿಯಿರುವಾಗಲೇ ಕಪ್ಪು ಗೆರೆಗಳನ್ನು ಟೂತ್‌ಪಿಕ್ಕಿನಿಂದ ಎಳೆದು ಜೇಡರ ಬಲೆ ನೇಯ್ದಳು. ಗುಂಡುಪಿನ್ನಿನ ತಲೆಯಿಂದ ಎರಡು ಚುಕ್ಕೆ ಇಟ್ಟರೆ ದೆವ್ವಕ್ಕೆ ಕಣ್ಣು. ಅವರ ಹಬ್ಬ ಬರುವುದೂ ನಮ್ಮ ಉಗುರುವಾರದಲ್ಲೇ. ಊಟ ತಿಂಡಿ ಬಿಟ್ಟು ಕಲಿತೆ. ಸೆಲ್ಲೋಟೇಪನ್ನು ಸಣ್ಣಗೆ ಕತ್ತರಿಸಿ ಅಂಟಿಸಿ, ಬಣ್ಣ ಬಳಿದು ಕಿತ್ತರೆ ಹೆಣಕ್ಕೆ ಬಟ್ಟೆ ಸುತ್ತಿದ ಹಾಗೆ ಪಟ್ಟಿಗಳು ಬರುತ್ತವೆ. ಇಂಥ ಸೊಗಸು ನಮ್ಮ ಊರು ಕಂಡಿರಲಿಲ್ಲ.

ಬಂದವರ ಹೆದರಿಕೆಗಳನ್ನೆಲ್ಲ ನಾನು ಈ ವೇಷಕ್ಕೆ ಇಳಿಸಿದೆ. ಪೋಸ್ಟ್‌ಮಾಸ್ಟರ ಹೆಂಡತಿಗೆ ಕುಕ್ಕರ್ ಕೂಗದೆ ಸುಮ್ಮನಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಕುಕ್ಕರಿಗೆ ಬಾವಲಿಯ ರೆಕ್ಕೆ ಹಚ್ಚಿದೆ. ವಕೀಲರೊಬ್ಬರಿಗೆ ಮಾವನ ಫೋನೆಂದರೆ ನಡುಕ. ತಲೆಬುರುಡೆಯ ಕಿವಿಗೆ ಫೋನು ಹಿಡಿಸಿದೆ. ಬಾಡಿಗೆ ಮನೆಯವರಿಗೆಲ್ಲ ಓನರನ್ನು ಮೀಸೆ ಇರುವ ಕುಂಬಳಕಾಯಿ ಮಾಡಿಕೊಟ್ಟೆ. ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಇದೇ, ಇದೇ ನೋಡು ಚಂದ್ರಕ್ಕ" ಎನ್ನುತ್ತಿದ್ದರು. ಹಾಗೆಂದ ಹತ್ತು ನಿಮಿಷದಲ್ಲೇ ಬಣ್ಣ ಒಣಗುತ್ತಿತ್ತು.

ಉಗುರು ಬರೆಯುವವರು ಯಾಕೆ ಏನು ಎಂದು ಕೇಳಬಾರದು, ಹೇಳಿದ್ದನ್ನು ಬರೆದು ಕಳಿಸಬೇಕು, ಇದು ಅಮ್ಮ ಹೇಳಿಕೊಟ್ಟದ್ದು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಅಯ್ಯೋ, ಇದಕ್ಕೂ ಹೆದರ್ತಾರೇನ್ರೀ?" ಎನ್ನುತ್ತಿದ್ದೆ. ಯಾಕೆ ಎನ್ನುತ್ತಿದ್ದೆ, ಯಾವಾಗಿಂದ ಎನ್ನುತ್ತಿದ್ದೆ. ಜಗಲಿಯಲ್ಲಿ ಕಾಯುತ್ತಾ ಕೂತವರೂ ಕೇಳಿಸಿಕೊಂಡು ನಗುತ್ತಿದ್ದರು. ನಾನು ಅದನ್ನು ಸಲಿಗೆ ಎಂದುಕೊಂಡಿದ್ದೆ. ನನ್ನೆದುರು ಹೇಳಲಾಗದ ಹೆದರಿಕೆ ಇದ್ದವರು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಗಾಡಿಗಳಿಗೆ ನಂಬರ್ ಪ್ಲೇಟು ಬರೆಯುವ ಈರಣ್ಣನ ಹತ್ತಿರ ಹೋಗುತ್ತಿದ್ದರು. ಅವನು ಉಗುರುವಾರದಲ್ಲಿ ಪ್ಲೇಟಿನ ಬ್ರಷ್ಷನ್ನೇ ಸಣ್ಣ ಮಾಡಿಕೊಂಡು ಉಗುರೂ ಬರೆಯುತ್ತಿದ್ದ. ಅವನು ಬರೆದ ಮನುಷ್ಯರೆಲ್ಲ ಆಲೂಗೆಡ್ಡೆಗಳೇ. ಒಂದು ಮಾತು ಆಡುವವನಲ್ಲ. ಅಂಥವನ ಹತ್ತಿರ ಹೋಗುವವರನ್ನು ಕಂಡು ನನಗೆ ಕನಿಕರವಾಗುತ್ತಿತ್ತು.

ಇನ್ನು ನನ್ನ ತಂಗಿ ವೈಜುವಿನ ವಿಷಯ. ಅಮ್ಮ ತೀರಿಕೊಂಡಾಗ ಅವಳಿಗೆ ಆರು ವರ್ಷ, ನನಗೆ ಹದಿನೆಂಟು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನನ್ನನ್ನು ನೋಡಲು ಬಂದ ಗಂಡುಗಳಿಗೆಲ್ಲ ತಂಗಿಯೂ ನನ್ನ ಜೊತೆಗೇ ಬರುತ್ತಾಳೆ ಎಂದೆ. ನಾಲ್ಕು ಜನ ಬಂದರು, ನಾಲ್ವರೂ ಕಾಫಿ ಕುಡಿದು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು. ಅವಳ ಮೇಲೆ ನಾನು ಒಂದು ದಿನವೂ ಕೈ ಎತ್ತಲಿಲ್ಲ. ಇದನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ, ಈಗಲೂ ಅದು ನಿಜವೇ. ಕೈ ಎತ್ತುವ ಅಗತ್ಯ ನನಗಿರಲಿಲ್ಲ ಅಷ್ಟೇ. ಅವಳು ನನಗೆ ಆಗದ್ದೇನಾದರೂ ಮಾಡಿದರೆ ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದೆ. ಬೈಗುಳವಿಲ್ಲ, ಅಳುವಿಲ್ಲ, ಊಟವೂ ಇಲ್ಲ. ಆರು ವರ್ಷದ ಮಗು ತಟ್ಟೆ ಹಿಡಿದುಕೊಂಡು ನನ್ನ ಸುತ್ತ ಸುತ್ತುತ್ತಿತ್ತು. "ಇನ್ಮೇಲೆ ಮಾಡಲ್ಲಕ್ಕ, ಒಂದು ತುತ್ತು ತಿನ್ನು" ಎನ್ನುತ್ತಿತ್ತು. ಹತ್ತು ಸಲ ಹೇಳಿಸಿಕೊಂಡ ಮೇಲೆ ತಿನ್ನುತ್ತಿದ್ದೆ. ಅವಳಿಗೆ ಹದಿನಾರಾದಾಗಲೂ ಇಪ್ಪತ್ತಾದಾಗಲೂ ಹೀಗೇ ನಡೆಯಿತು. ಇದು ಪ್ರೀತಿಯ ಹಟ, ಅಷ್ಟರಿಂದಲೇ ಅವಳು ನೆಟ್ಟಗೆ ಬೆಳೆದಳು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಹದಿನೆಂಟು ತುಂಬಿದ ವರ್ಷ ಅವಳ ಉಗುರನ್ನು ನಾನೇ ಬರೆದೆ. ಹಾವು, ಲೆಕ್ಕದ ಪರೀಕ್ಷೆ, ಸೂಜಿ, ಪಕ್ಕದ ಬೀದಿಯ ಕುಂಟು ನಾಯಿ, ಹೀಗೆ ಒಂಬತ್ತು ಬೆರಳು ಮುಗಿಸಿದೆ. ಎಡಗೈ ಹೆಬ್ಬೆರಳಿಗೆ ಬಂದಾಗ ಅವಳು ಸ್ವಲ್ಪ ತಡೆದು, "ಹಲ್ಲಿ ಬರಿ ಅಕ್ಕ" ಎಂದಳು. ಬರೆದೆ, ಒಣಗಲಿಲ್ಲ. ಒರೆಸಿ ಗುಡುಗು ಬರೆದೆ, ಒಣಗಲಿಲ್ಲ. ಪಾಳು ಬಾವಿ, ಕುರುಡು ಕಾಗೆ, ಸತ್ತುಹೋದ ಸೋದರತ್ತೆ, ಏನು ಬರೆದರೂ ಅಷ್ಟೇ. "ನಿನ್ನ ಹೆದರಿಕೆ ಏನು ಅಂತ ನಿಂಗೇ ಗೊತ್ತಿಲ್ವಲ್ಲೇ" ಎಂದು ರೇಗಿದೆ. "ಗೊತ್ತಿಲ್ಲ ಕಣಕ್ಕ" ಎಂದು ತಲೆ ತಗ್ಗಿಸಿದಳು. ನನ್ನ ಜಗಲಿಯಿಂದ ಖಾಲಿ ಉಗುರಿನಲ್ಲಿ ಎದ್ದು ಹೋದವರು ಯಾರೂ ಇರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಮರುವರ್ಷ, ಅದರ ಮರುವರ್ಷ, ಐದು ಉಗುರುವಾರ ಇದೇ ಆಯಿತು. ಆ ಹೊತ್ತಿನಲ್ಲಿ ಅವಳು ಬೆರಳನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ನಾನು ಬೆರಳನ್ನು ನೋಡುತ್ತಿದ್ದೆ.

ಆರನೆಯ ವರ್ಷ ಅವಳಿಗೆ ಇಪ್ಪತ್ತಮೂರು. ಉಗುರುವಾರದ ಕೊನೆಯ ದಿನ ಮಧ್ಯಾಹ್ನ ಒಂಬತ್ತು ಉಗುರು ಬರೆಸಿಕೊಂಡು, "ಇದನ್ನ ಬಿಡಕ್ಕ, ಸುಮ್ನೆ ಬಣ್ಣ ದಂಡ" ಎಂದು ಎದ್ದು ಹೋದಳು. ಒಂದು ಗಂಟೆ ಬಿಟ್ಟು ಬಂದವಳು ಊಟಕ್ಕೆ ತಟ್ಟೆ ಹಾಕಿದಳು. ಬಡಿಸುವಾಗ ಅವಳ ಎಡಗೈ ಹೆಬ್ಬೆರಳು ಕಂಡಿತು. ಉಗುರಿನ ಮೇಲೆ ಬಣ್ಣವಿತ್ತು, ಒಣಗಿ ಗಟ್ಟಿಯಾಗಿತ್ತು. ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ತುರುಬು ಕಟ್ಟಿದ ಒಂದು ಆಲೂಗೆಡ್ಡೆ ಬೆನ್ನು ತಿರುಗಿಸಿ ಕೂತಿತ್ತು. ಅದರ ಪಕ್ಕದಲ್ಲಿ ಒಂದು ತಟ್ಟೆ, ತಟ್ಟೆಯ ತುಂಬ ಅನ್ನ.

ನನಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಈರಣ್ಣನಂಥ ಈರಣ್ಣನಿಗೂ ನನ್ನ ತುರುಬು ಸರಿಯಾಗಿ ಬಂದಿತ್ತು. ವೈಜು ಕೈ ಬಿಡಿಸಿಕೊಳ್ಳಲಿಲ್ಲ. "ಅಕ್ಕ, ನಿನ್ಹತ್ರ ಒಂದು ವಿಷ್ಯ ಹೇಳ್ಬೇಕು" ಎಂದಳು. ಅವಳ ಧ್ವನಿ ಅಷ್ಟು ಸಲೀಸಾಗಿ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಸ್ ಕಂಡಕ್ಟರ್ ಕೆಲ್ಸಕ್ಕೆ ಅರ್ಜಿ ಹಾಕಿದ್ದೆ. ಪರೀಕ್ಷೆ ಪಾಸಾಗಿದೆ. ಬರೋ ಗುರುವಾರ ಜಿಲ್ಲೆ ಡಿಪೋದಲ್ಲಿ ಎತ್ತರ ಅಳೀತಾರೆ, ಕಾಗದ ಪತ್ರ ನೋಡ್ತಾರೆ. ಅಷ್ಟಾದ್ರೆ ಕೆಲ್ಸ ಸಿಕ್ಕ ಹಾಗೇನೇ. ಯಾವ ಊರಿಗೆ ಹಾಕ್ತಾರೋ ಗೊತ್ತಿಲ್ಲ. ನಾನು ಹೋಗ್ತೀನಕ್ಕ."

ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಕೂರಿಸಿದರೆ ಅವಳು ಕಿಟಕಿಯಾಚೆ ನೋಡುತ್ತಿರಲಿಲ್ಲ, ಕಂಡಕ್ಟರನ್ನೇ ನೋಡುತ್ತಿದ್ದಳು. ಯಾರು ಎಲ್ಲಿ ಹತ್ತಿದರು, ಯಾರಿಗೆ ಇನ್ನೂ ಟಿಕೆಟ್ ಆಗಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅದು ನೆನಪಾಯಿತು, ನೆನಪಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಅವಳಿಗೆ ನಾನು ಬೇರೆ ದಾರಿ ಗೊತ್ತು ಮಾಡಿದ್ದೆ. ನನ್ನ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಕೊಂಡು ಅವಳೂ ಉಗುರು ಬರೆಯಬೇಕು, ನಾವಿಬ್ಬರೂ ಹೀಗೇ ಇರಬೇಕು. ಅವಳನ್ನು ಕೇಳಿರಲಿಲ್ಲ, ಕೇಳುವಂಥದ್ದು ಏನಿದೆ ಎಂದುಕೊಂಡಿದ್ದೆ. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಮುಖ ಮಾಡಿದೆ.

ವೈಜು ನನ್ನ ಬೆನ್ನ ಹಿಂದೆ ಆರಾಮವಾಗಿ ಊಟ ಮಾಡಿದಳು. ಸಾರು ಚೆನ್ನಾಗಿದೆ ಎಂದು ಎರಡನೆಯ ಸಲ ಅನ್ನ ಹಾಕಿಕೊಂಡಳು. ಕೈ ತೊಳೆದು ಬಂದು, "ಹಸಿವಾದಾಗ ತಿನ್ನಕ್ಕ, ಮುಚ್ಚಿಟ್ಟಿರ್ತೀನಿ" ಎಂದಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಉಪವಾಸ ಬಿಟ್ಟು ನೆಮ್ಮದಿಯಾಗಿ ತಿಂದಿದ್ದಳು.

ಮೂರು ದಿನ ಹಾಗೇ ಕೂತೆ. ಕದ್ದು ಪುರಿ ತಿಂದೆ, ಅದನ್ನೂ ಹೇಳಿಬಿಡುತ್ತೇನೆ. ಆ ಮೂರು ದಿನ ವೈಜು ಬಹಳ ಸಂತೋಷವಾಗಿದ್ದಳು. ನನ್ನ ಜೊತೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಪರೀಕ್ಷೆಗೆ ಯಾರಿಗೂ ಕಾಣದಂತೆ ಹೇಗೆ ಓದಿದೆ, ಅರ್ಜಿಗೆ ಫೋಟೋ ತೆಗೆಸಿಕೊಳ್ಳುವಾಗ ಕಣ್ಣು ಮುಚ್ಚಿಕೊಂಡಿದ್ದಕ್ಕೆ ಮೂರು ಸಲ ತೆಗೆಸಬೇಕಾಯಿತು, ಎಲ್ಲವನ್ನೂ ನನ್ನ ಬೆನ್ನಿಗೇ ಹೇಳಿದಳು. ಒಮ್ಮೆ ಹಿಂದಿನಿಂದ ಬಂದು ನನ್ನ ಕುತ್ತಿಗೆ ಬಳಸಿ, "ಎಷ್ಟ್ ಬಿಗೀತೀಯೇ ಅಕ್ಕ" ಎಂದು ನಕ್ಕಳು. ಹಾಗೆ ಮೈಮೇಲೆ ಬಿದ್ದು ಮಾತಾಡುವ ತಂಗಿ ನನಗೆ ಇದ್ದಾಳೆ ಎಂದೇ ಗೊತ್ತಿರಲಿಲ್ಲ. ತಿರುಗಿ ನೋಡಿದ್ದರೆ ಸಾಕಿತ್ತು. ನಾನು ಗೋಡೆಯನ್ನೇ ನೋಡುತ್ತಾ ಕೂತೆ.

ಮಂಗಳವಾರ ಮಧ್ಯಾಹ್ನ ಅವಳು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದಳು. ತಲೆಯ ಹತ್ತಿರ ಡಿಪೋಗೆ ಒಯ್ಯಬೇಕಾದ ಕಾಗದಗಳ ಫೈಲು ಇತ್ತು. ಎಡಗೈ ಚಾಪೆಯಿಂದಾಚೆ ಚಾಚಿಕೊಂಡಿತ್ತು, ಹೆಬ್ಬೆರಳು ಮೇಲಕ್ಕಿತ್ತು. ಆ ಬೆನ್ನು ತಿರುಗಿಸಿದ ಆಲೂಗೆಡ್ಡೆಯನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಊರೆಲ್ಲ ಇದನ್ನು ನೋಡಿರಬೇಕು, ಚಂದ್ರಮತಿ ಬೇರೆಯವರ ಹೆದರಿಕೆಗೆ ನಗುತ್ತಾಳೆ, ಅವಳ ತಂಗಿಯ ಹೆದರಿಕೆ ಅವಳೇ ಅಂತೆ ಎಂದಿರಬೇಕು. ಹಾಗೆ ಅಂದುಕೊಂಡೆ. ಅಷ್ಟೇ ಆಗಿದ್ದರೆ ಮರ್ಯಾದೆಗೆ ಅಂಜಿ ಮಾಡಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ನನಗೆ ನನ್ನ ಹಳೆಯ ತಂಗಿ ಬೇಕಾಗಿದ್ದಳು. ತಟ್ಟೆ ಹಿಡಿದು ನನ್ನ ಸುತ್ತ ಸುತ್ತುವವಳು ಬೇಕಾಗಿದ್ದಳು.

ಕಪಾಟಿನಿಂದ ರಿಮೂವರ್ ಬಾಟಲಿ ತೆಗೆದೆ. ಹತ್ತಿ ಅದ್ದಿಕೊಂಡು ಅವಳ ಪಕ್ಕದಲ್ಲಿ ಕೂತೆ. ಅವಳ ಹೆಬ್ಬೆರಳನ್ನು ನನ್ನ ಬೆರಳುಗಳ ನಡುವೆ ಮೆಲ್ಲಗೆ ಹಿಡಿದೆ. ಎರಡು ಸಲ ಒರೆಸಿದೆ. ಈರಣ್ಣನ ಪ್ಲೇಟಿನ ಬಣ್ಣ ಬೇಗ ಬಿಡಲಿಲ್ಲ, ಮೂರನೆಯ ಸಲ ಒತ್ತಿ ಒರೆಸಿದೆ. ಹತ್ತಿಯೆಲ್ಲ ಕಪ್ಪಾಯಿತು, ಉಗುರು ಬರಿದಾಯಿತು. ಹತ್ತಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಒಳಗೆ ಹೋಗಿ ಮತ್ತೆ ಗೋಡೆಗೆ ಮುಖ ಮಾಡಿ ಕೂತೆ.

ಸ್ವಲ್ಪ ಹೊತ್ತಿಗೆ ವೈಜು ಎದ್ದ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಅವಳು ಅಡುಗೆ ಮನೆಗೆ ಹೋಗಿ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಬಂದು ನನ್ನ ಮುಂದೆ ಕೂತಳು. "ತಿನ್ನಕ್ಕ. ನಾನು ಗುರುವಾರ ಹೋಗಲ್ಲ" ಎಂದಳು. ನಾನು ಅವಳ ಬೆರಳನ್ನು ಆಗಷ್ಟೇ ಕಂಡವಳಂತೆ ನೋಡಿ, "ಬಣ್ಣ ಹೋಯ್ತೇನೇ? ಅವನ ಬಣ್ಣ ಅಷ್ಟೇ, ನಾಲ್ಕು ದಿನ ನಿಲ್ಲಲ್ಲ" ಎಂದೆ. "ಹೂಂ, ಹೋಯ್ತು" ಎಂದಳು. ನಾನು ತಿಂದೆ. ತಟ್ಟೆ ಖಾಲಿ ಮಾಡಿದೆ, ಮತ್ತೆ ಹಾಕಿಸಿಕೊಂಡೆ. ಅಷ್ಟು ರುಚಿಯಾಗಿ ನಾನು ಎಂದೂ ಉಂಡಿರಲಿಲ್ಲ. ಇವತ್ತಿಗೂ ನನಗೆ ತಡೆಯಲಾಗದ್ದು ಆ ರುಚಿಯ ನೆನಪೇ.

ಗುರುವಾರ ಬಂತು, ಹೋಯಿತು. ವೈಜು ಆ ದಿನ ಕಾಗದಗಳ ಫೈಲನ್ನು ಅಟ್ಟದ ಮೇಲೆ ಹಾಕಿ, ನನ್ನ ಪಕ್ಕದ ಮಣೆಯ ಮೇಲೆ ಬಂದು ಕೂತಳು. ಮರುವರ್ಷದ ಉಗುರುವಾರದಲ್ಲಿ ಒಂಬತ್ತು ಬೆರಳಿಗೆ ಬರೆಸಿಕೊಂಡು ಹತ್ತನೆಯದನ್ನು ಮಡಚಿಕೊಂಡಳು. ನಾನು ಯಾಕೆ ಎಂದು ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಯಾಕೆ ಎಂದು ಕೇಳದೆ ಬಿಟ್ಟದ್ದು ಅದೇ. ಅವಳು ಈರಣ್ಣನ ಕಡೆಗೂ ಹೋಗಲಿಲ್ಲ. ಆಮೇಲೆ ಒಂದೆರಡು ಸಲ ಪೇಪರಿನಲ್ಲಿ ಕಂಡಕ್ಟರ್ ಕೆಲಸದ ಜಾಹೀರಾತು ಬಂತು. ಅವಳು ಅದನ್ನು ಓದಿ, ಅದೇ ಹಾಳೆಯನ್ನು ಬಣ್ಣ ಚೆಲ್ಲದಂತೆ ಮಣೆಯ ಮುಂದೆ ಹಾಸಿಕೊಂಡಳು. ನಂತರ ಅವಳ ವಯಸ್ಸು ಮೀರಿತು.

ಅವಳ ಕೈ ನನ್ನ ಕೈಗಿಂತ ನಯ. ಅವಳು ಎಳೆದ ಜೇಡರ ಬಲೆಯಲ್ಲಿ ಒಂದು ಎಳೆಯೂ ಕದಡುವುದಿಲ್ಲ. ಅವಳು ಯಾರನ್ನೂ ಏನೂ ಕೇಳುವುದಿಲ್ಲ, ಬಂದವರು ಕಿವಿಯಲ್ಲಿ ಹೇಳಿದ್ದನ್ನು ಬರೆದು ಕಳಿಸುತ್ತಾಳೆ. ಈಗ ಜಗಲಿಯಲ್ಲಿ ಅವಳಿಗಾಗಿ ಕಾಯುವವರೇ ಹೆಚ್ಚು. "ಚಂದ್ರಕ್ಕ, ತಂಗೀನ ಎಷ್ಟು ಚೆನ್ನಾಗಿ ತಯಾರು ಮಾಡಿದೀಯ" ಎನ್ನುತ್ತಾರೆ. ಅಂಥ ಮಾತು ಕೇಳಿದಾಗಲೆಲ್ಲ ನಾನು ಏನಾದರೂ ನೆವ ಮಾಡಿಕೊಂಡು ಒಳಗೆ ಹೋಗುತ್ತೇನೆ. ತಟ್ಟೆ ಸರಿಸುವುದನ್ನು ನಾನು ಯಾವತ್ತೋ ಬಿಟ್ಟೆ. ಹಾಕಿದ್ದನ್ನು ಹಾಕಿದಷ್ಟು ತಿಂದು ಏಳುತ್ತೇನೆ. ಆದರೂ ನಾನು ಒಂದು ತುತ್ತು ತಡೆದರೆ ಸಾಕು, ಅವಳ ಕೈ ಅಲ್ಲೇ ನಿಲ್ಲುತ್ತದೆ.

ಹೀಗೆ ಏಳು ವರ್ಷ ಕಳೆದವು. ಈ ಸಲದ ಉಗುರುವಾರದ ಎರಡನೆಯ ದಿನ ಬೆಳಗ್ಗೆ ಖಾಕಿ ಬಟ್ಟೆಯ ಒಬ್ಬ ಹೆಂಗಸು ನಮ್ಮ ಜಗಲಿಗೆ ಬಂದಳು. ಕಂಕುಳಲ್ಲಿ ಚರ್ಮದ ಚೀಲ, ಕೊರಳಲ್ಲಿ ಸೀಟಿ. ಹೆಸರು ಸರ್ವಮಂಗಳ, ಹೊಸದಾಗಿ ನಮ್ಮ ಊರಿನ ಬಸ್ಸಿಗೆ ಹಾಕಿದ್ದಾರೆ, ಇಲ್ಲಿಯ ಪದ್ಧತಿ ಕೇಳಿ ಬಂದಿದ್ದೇನೆ ಎಂದಳು. ವೈಜುವಿನ ಮುಂದೆ ಕೂತಳು. ಎಷ್ಟು ವರ್ಷವಾಯಿತು ಕೆಲಸಕ್ಕೆ ಸೇರಿ ಎಂದು ವೈಜು ಕೇಳಿದಳು. ಏಳು ಎಂದಳು ಆಕೆ. ನನ್ನ ಕೈಯಲ್ಲಿದ್ದ ಬ್ರಷ್ಷು ನಿಂತಿತು.

ಯಾರನ್ನೂ ಏನೂ ಕೇಳದ ನನ್ನ ತಂಗಿ ಅವಳನ್ನು ಬಿಡದೆ ಕೇಳಿದಳು. ಆದರೆ ಹೆದರಿಕೆಯ ಮಾತಲ್ಲ. "ಬಸ್ಸು ತುಂಬಿದಾಗ ಹಿಂದಿನ ಸೀಟಿಗೆ ಹೇಗೆ ಹೋಗ್ತೀರ?" ಎಂದಳು. "ಎತ್ತರ ಅಳೆಯೋವಾಗ ಚಪ್ಪಲಿ ಬಿಡಿಸ್ತಾರಾ?" ಎಂದಳು. ಸರ್ವಮಂಗಳ ನಗುತ್ತಾ, "ಬಿಡಿಸ್ತಾರೆ ಕಣ್ರೀ. ನಾನು ಹಿಮ್ಮಡಿ ಸ್ವಲ್ಪ ಎತ್ತಿದ್ದೆ, ಒಬ್ರು ಮೇಡಂ ನೋಡಿ ಬೈದ್ರು. ಆಮೇಲೆ ನೋಡಿದ್ರೆ ನೆಟ್ಟಗೆ ನಿಂತ್ರೂ ಸಾಕಾಗ್ತಿತ್ತು" ಎಂದಳು. ವೈಜು ಜೋರಾಗಿ ನಕ್ಕಳು. ಆ ನಗು ನಾನು ಏಳು ವರ್ಷದ ಹಿಂದೆ ಮೂರು ದಿನ ಮಾತ್ರ ಕೇಳಿದ್ದ ನಗು. ಹತ್ತು ಉಗುರು ಬರೆದು ಮುಗಿಸಿ, ಒಣಗಿದ ಮೇಲೆ ಅವಳು ಆ ಹೆಂಗಸನ್ನು ಬೀದಿಯ ತಿರುವಿನವರೆಗೆ ಕಳಿಸಿ ಬಂದಳು.

ನನಗೆ ಇನ್ನು ತಡೆಯಲಾಗಲಿಲ್ಲ. ಜಗಲಿಯಲ್ಲಿ ಆ ಹೊತ್ತಿಗೆ ಇಬ್ಬರೇ ಇದ್ದರು, ಅವರನ್ನು ಸ್ವಲ್ಪ ಆಚೆ ಕೂತಿರಿ ಎಂದು ಕಳಿಸಿದೆ. ವೈಜು ಮಣೆಯ ಮೇಲೆ ಕೂತು ಬ್ರಷ್ಷು ತೊಳೆಯುತ್ತಿದ್ದಳು. "ವೈಜು, ಆವತ್ತು ನಿನ್ನ ಬಣ್ಣ ತಾನಾಗಿ ಹೋಗಿದ್ದಲ್ಲ. ನೀನು ಮಲಗಿದ್ದಾಗ ನಾನೇ ಒರೆಸಿದೆ" ಎಂದೆ. ಇಷ್ಟು ಹೇಳಲು ನನಗೆ ಏಳು ವರ್ಷ ಬೇಕಾಗಿತ್ತು. ಅವಳು ಎದ್ದು ಹೋಗಲಿ, ಊರಿಗೆಲ್ಲ ಕೂಗಿ ಹೇಳಲಿ, ನನ್ನ ಮನೆಯ ನೀರು ಯಾರೂ ಮುಟ್ಟದಿರಲಿ ಎಂದು ಸಿದ್ಧಳಾಗಿಯೇ ಕೂತೆ.

ಅವಳು ಬ್ರಷ್ಷನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದಳು. "ಗೊತ್ತಕ್ಕ" ಎಂದಳು. "ನಂಗೆ ಎಚ್ಚರ ಇತ್ತು. ಹುಟ್ಟಿದಾಗಿಂದ ಈ ಮನೇಲಿದೀನಿ, ಆ ವಾಸ್ನೆ ನಂಗೆ ಗೊತ್ತಾಗಲ್ವಾ? ನೀನು ಬಾಟ್ಲಿ ಮುಚ್ಚಳ ತೆಗೆದಾಗ್ಲೇ ಎಚ್ಚರ ಆಯ್ತು."

"ಮತ್ಯಾಕೆ ಕೈ ಎಳ್ಕೊಳ್ಲಿಲ್ಲ?" ಎಂದೆ.

"ಆವಾಗ ನಿನ್ನ ಕಂಡ್ರೆ ಭಯ ಇರ್ಲಿಲ್ವಲ್ಲ ಅಕ್ಕ" ಎಂದಳು ವೈಜು. "ಅಳಿಸ್ತೀಯ ಅಂತ ಅನ್ನಿಸ್ಲೇ ಇಲ್ಲ. ಈರಣ್ಣ ಉಗುರಿನ ಸುತ್ತ ಚರ್ಮಕ್ಕೆಲ್ಲ ಮೆತ್ತಿಬಿಟ್ಟಿದ್ದ. ಅದನ್ನ ಒರೆಸಿ ಅಂಚು ಚೆಂದ ಮಾಡ್ತಿದೀಯ, ಗುರುವಾರಕ್ಕೆ ನೀನೇ ತಯಾರು ಮಾಡಿ ಕಳಿಸ್ತಿದೀಯ ಅಂದ್ಕೊಂಡೆ. ಎಷ್ಟು ಖುಷಿ ಆಯ್ತು ಗೊತ್ತಾ? ನೀನು ಸರಿಯಾಗಿ ಹಿಡ್ಕೊಳ್ಲಿ ಅಂತ ನಾನೇ ಕೈ ಸಡಿಲ ಬಿಟ್ಟೆ."

ಅಷ್ಟು ಹೇಳಿ ಅವಳು ಆಚೆ ಕೂತಿದ್ದವರನ್ನು ಒಳಗೆ ಕರೆದಳು.